ಎಂ.ಎಸ್. ಕಾಯಿಲೆ ಮತ್ತು ಮದುವೆಯ ಮಾತುಕತೆ

ಮಾನ್ಯ ಸಂಪಾದಕರೇ,

ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಗೆಡಹುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಕಾಯಿಲೆಯನ್ನು ‘ವಂಶಪಾರಂಪರ್ಯ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವ ರೂಢಿ ನಮ್ಮಲ್ಲಿದೆ. ನನ್ನ ಅಕ್ಕನಿಗೆ ಈ ಕಾಯಿಲೆಯಿದೆ. ಅವಳ ಮಗಳಿಗೆ ಜಾತಕ ಕೂಡಿಬಂದು, ಹುಡುಗ ಹುಡುಗಿ ಇಬ್ಬರೂ ಒಪ್ಪಿ, ಮಾತುಕತೆಗೆ ಕುಳಿತಾಗ ಗಂಡಿನ ಕಡೆಯ ಹಿರಿಯರೊಬ್ಬರು ಅಕ್ಕನ ಊರುಗೋಲನ್ನು ನೋಡಿ, “ಇದು ಮಕ್ಕಳಿಗೂ ಬರುವಂಥದ್ದಲ್ಲವೇ?” ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ಸರಿಯಾಗಿ ಉತ್ತರಿಸಬಲ್ಲವರು ಅಲ್ಲಿ ಯಾರೂ ಇರಲಿಲ್ಲ, ಸಂಬಂಧ ಮುರಿದುಬಿತ್ತು.

ಉತ್ತರವೇನೋ ಇದೆ. ಕೆನಡಾ, ಬ್ರಿಟನ್‌ನಂಥ ದೇಶಗಳಲ್ಲಿ ಅನೇಕ ಕುಟುಂಬಗಳನ್ನು ಅಧ್ಯಯನ ಮಾಡಿದವರು ಕಂಡುಕೊಂಡಂತೆ, ತಂದೆ ಅಥವಾ ತಾಯಿಗೆ ಎಂ.ಎಸ್. ಇದ್ದರೆ ಮಗುವಿಗೆ ಜೀವಮಾನದಲ್ಲಿ ಅದು ಬರುವ ಸಂಭವ ಶೇ 2ರ ಆಸುಪಾಸಿನಲ್ಲಿದ್ದು, ಒಡಹುಟ್ಟಿದವರಿಗೆ ಶೇ 3ರ ಹತ್ತಿರವಿದೆ. ಬೇರೆಯವರಿಗೆ ಹೋಲಿಸಿದರೆ ಇದು ಹಲವು ಪಟ್ಟು ಹೆಚ್ಚೆಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ನೂರಕ್ಕೆ ತೊಂಬತ್ತೇಳು-ತೊಂಬತ್ತೆಂಟು ಮಂದಿಗೆ ಬರುವುದಿಲ್ಲ ಎಂಬುದೂ ಅದೇ ಲೆಕ್ಕದ ಇನ್ನೊಂದು ಮಗ್ಗುಲು. ಹೆಚ್ಚುಕಡಿಮೆ ಒಂದೇ ವಂಶವಾಹಿಗಳನ್ನು ಹಂಚಿಕೊಂಡು ಹುಟ್ಟಿದ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಒಂದು ಕಡೆ ಮಾತ್ರ. ರಕ್ತದಲ್ಲಿ ಬಂದದ್ದೇ ಎಲ್ಲವನ್ನೂ ನಿರ್ಧರಿಸುವಂತಿದ್ದರೆ ಆ ಉಳಿದ ಮೂವರು ಹೇಗೆ ಪಾರಾದರು?

ಈ ಕಾಯಿಲೆಯೊಂದಿಗೆ ನಂಟಿರುವ ವಂಶವಾಹಿ ವ್ಯತ್ಯಾಸಗಳು ಇನ್ನೂರಕ್ಕೂ ಹೆಚ್ಚಿದ್ದು, ಅವುಗಳಲ್ಲಿ ಬಹುಪಾಲಿನ ಪ್ರಭಾವ ತೀರಾ ಅಲ್ಪ. ಎಲ್ಲಕ್ಕಿಂತ ಪ್ರಬಲವಾದ ಎಚ್‌ಎಲ್‌ಎ-ಡಿಆರ್‌ಬಿ1*15:01 ಎಂಬ ವಂಶವಾಹಿ ರೂಪವನ್ನು ಹೊತ್ತವರಲ್ಲೂ ಬಹುತೇಕರು ಈ ಕಾಯಿಲೆಯನ್ನು ಕಾಣದೆಯೇ ಬಾಳುತ್ತಾರೆ. ಆದ್ದರಿಂದ ‘ಮದುವೆಗೆ ಮುಂಚೆ ಒಂದು ಜೀನ್ ಪರೀಕ್ಷೆ ಮಾಡಿಸಿಬಿಡಿ’ ಎನ್ನುವ ಸಲಹೆಗೆ ಅರ್ಥವಿಲ್ಲ. ಬರುತ್ತದೆ, ಬರುವುದಿಲ್ಲ ಎಂದು ಖಚಿತವಾಗಿ ಹೇಳುವ ಪರೀಕ್ಷೆಯೇ ಇಲ್ಲ. ವಂಶವಾಹಿಗಳ ಹೊರಗಿನ ಕಾರಣಗಳೂ ಇವೆ. ಎಪ್‌ಸ್ಟೈನ್-ಬಾರ್ ವೈರಾಣುವಿನ ಸೋಂಕು ತಗುಲಿದ ಬಳಿಕ ಅಪಾಯ ಸುಮಾರು 32 ಪಟ್ಟು ಏರುತ್ತದೆಂದು ಅಮೆರಿಕದ ಸೈನಿಕರ ಮೇಲಿನ ಅಧ್ಯಯನವೊಂದು 2022ರಲ್ಲಿ ತೋರಿಸಿತು. ಧೂಮಪಾನ, ಹದಿಹರೆಯದ ಬೊಜ್ಜು, ವಿಟಮಿನ್ ಡಿ ಕೊರತೆಗಳ ಪಾಲೂ ಇದೆ. ಬೀಡಿ ಸೇದುವ ವರನನ್ನು ಯಾರೂ ಈ ಕಾರಣಕ್ಕೆ ಬೇಡವೆಂದದ್ದನ್ನು ನಾನು ಕೇಳಿಲ್ಲ.

ಮೇಲಿನ ಶೇಕಡಾವಾರುಗಳು ಈ ಕಾಯಿಲೆ ಹೆಚ್ಚಾಗಿರುವ ದೇಶಗಳವು ಎಂಬುದೂ ನೆನಪಿರಬೇಕು. ಮಂಗಳೂರು ನಗರದಲ್ಲಿ ನಡೆದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಎಂಟರಷ್ಟು ಜನರಲ್ಲಿ ಮಾತ್ರ ಎಂ.ಎಸ್. ಕಂಡುಬಂದಿತ್ತು.

ಲಕ್ಷಣಗಳಿಲ್ಲದ ಮಕ್ಕಳಿಗೆ ಸುಮ್ಮನೆ ಎಂ.ಆರ್.ಐ. ಮಾಡಿಸುವ ಅಗತ್ಯವಿಲ್ಲ. ಆದರೆ ಒಂದು ಕಣ್ಣು ನೋವಿನೊಂದಿಗೆ ಮಂಜಾದರೆ, ಕೈಕಾಲು ದಿನಗಟ್ಟಲೆ ಜೋಮುಹಿಡಿದರೆ, ಇಂಥ ಮನೆಯವರು ತಡಮಾಡದೆ ನರರೋಗ ತಜ್ಞರನ್ನು ಕಾಣಬೇಕು. ರೋಗ ಪತ್ತೆಯಾದ ದಿನವೇ ತಜ್ಞರು ಕುಟುಂಬದವರನ್ನು ಕೂರಿಸಿಕೊಂಡು ಈ ಅಂಕಿಗಳನ್ನು ವಿವರಿಸಿ, ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡುವುದಾದರೆ, ಮಾತುಕತೆಗೆ ಹೋಗುವಾಗ ಜಾತಕದ ಜೊತೆ ಅದನ್ನೂ ಒಯ್ಯಲು ನಾವು ಸಿದ್ಧರಿದ್ದೇವೆ.

ಇತಿ,
ತಮ್ಮ ಓದುಗರಲ್ಲೊಬ್ಬರು,
ದಕ್ಷಿಣ ಕನ್ನಡ ಜಿಲ್ಲೆ