ತುಂಬಿದ ಡ್ಯಾಂ ನೆರೆ ತಡೆಯದು

ಮಾನ್ಯರೇ,

ತುಂಗಭದ್ರಾ ತುಂಬಿತೆಂದರೆ ಹೊಸಪೇಟೆಯಲ್ಲಿ ಜಾತ್ರೆಯೇ. ನೋಡಲು ಚೆಂದ, ಸರಿ. ಆದರೆ ಭರ್ತಿಯಾದ ಜಲಾಶಯಕ್ಕೆ ನೆರೆ ತಡೆಯುವ ಶಕ್ತಿ ಇರುವುದಿಲ್ಲ.

ಲೆಕ್ಕ ಸರಳ. 1 ಲಕ್ಷ ಕ್ಯುಸೆಕ್ (ಸೆಕೆಂಡಿಗೆ 1 ಲಕ್ಷ ಘನ ಅಡಿ) ಒಳಹರಿವು ದಿನವಿಡೀ ಇದ್ದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಬಂದಂತೆ. ಡ್ಯಾಂನಲ್ಲಿ 5 ಟಿಎಂಸಿ ಜಾಗ ಖಾಲಿಯಿದ್ದು, ಮಲೆನಾಡಿನ ಮಳೆಗೆ 2 ಲಕ್ಷ ಕ್ಯುಸೆಕ್ ಹರಿದುಬಂದರೆ ಏಳು ಗಂಟೆಯೊಳಗೆ ಆ ಜಾಗ ಮುಗಿಯಿತು. ಆಮೇಲೆ ಬಂದಷ್ಟೂ ಬಿಡಲೇಬೇಕು. ಹಂಪಿಯ ಪುರಂದರ ಮಂಟಪ, ಕಂಪ್ಲಿ ಸೇತುವೆ ಮುಳುಗುವುದು ಆಗಲೇ.

ರೈತರ ಎರಡನೇ ಬೆಳೆಗೆ ನೀರು ಬೇಕು, ಆದ್ದರಿಂದ ಬೇಗ ತುಂಬಿಸಿಕೊಳ್ಳುವ ಆತುರ ಅರ್ಥವಾಗುತ್ತದೆ. ಅದರಲ್ಲೂ ಹೂಳು ತುಂಬಿ 133 ಟಿಎಂಸಿ ಸಾಮರ್ಥ್ಯ 105.788ಕ್ಕೆ ಇಳಿದಿದೆ. ಹಾಗಿದ್ದರೂ 1,633 ಅಡಿಯ ಪೂರ್ಣಮಟ್ಟವನ್ನು ಮುಂಗಾರಿನ ಅಬ್ಬರ ತಗ್ಗುವ ಮೊದಲೇ ಮುಟ್ಟುವ ಅಗತ್ಯವಿಲ್ಲ. ಎರಡು ಮೂರು ಅಡಿ ಖಾಲಿ ಇಟ್ಟುಕೊಂಡು, ಮೇಲಿನ ಭದ್ರಾ, ತುಂಗಾ ಜಲಾಶಯಗಳ ಹೊರಹರಿವು ನೋಡಿ ಮುಂಚಿತವಾಗಿ ಸ್ವಲ್ಪ ಸ್ವಲ್ಪವೇ ಬಿಡಬಹುದು.

ಇನ್ನು ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. 33 ಗೇಟುಗಳ ಅಣೆಕಟ್ಟಿನಲ್ಲಿ ತಕ್ಷಣ ಇಳಿಸಲು ಒಂದು ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯಲು ಇಳಿಸುವ ತಾತ್ಕಾಲಿಕ ತಡೆಹಲಗೆ) ಸಿದ್ಧವಿರಲಿಲ್ಲ! ಚೈನಿಗೆ ಗ್ರೀಸ್ ಹಚ್ಚಿದರೆ ಸಾಲದು; ಕೊಂಡಿ, ಪಿನ್ನುಗಳ ಸವೆತವನ್ನು ಬೇಸಿಗೆಯಲ್ಲೇ ಅಳೆಯಬೇಕು.

ಹಂಪಿಯ ತೆಪ್ಪದವರಿಗೆ ‘50 ಸಾವಿರ ಕ್ಯುಸೆಕ್ ಬಿಡುಗಡೆ’ ಎಂದರೆ ಏನೂ ತಿಳಿಯದು. ಸ್ನಾನಘಟ್ಟದ ಎಷ್ಟನೇ ಮೆಟ್ಟಿಲಿಗೆ, ಎಷ್ಟು ಗಂಟೆಗೆ ನೀರು ಬರುತ್ತದೆ ಎಂದು ಹೇಳಿ.

– ನಿವೃತ್ತ ನೀರಾವರಿ ಎಂಜಿನಿಯರ್‌ಗಳು, ಹೊಸಪೇಟೆ