ಪುಟ್ಟನ ದುಡ್ಡಿನ ವಿಷಯವಾಗಿ, ಜರ್ಮನಿಯಿಂದ

ತೀರ್ಥರೂಪು ಅಪ್ಪನಿಗೂ ಅಮ್ಮನಿಗೂ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಜ್ಜಿಯ ಮಂಡಿ ನೋವು ಹೇಗಿದೆ, ಅರೇಬಿಕಾ ಕೊಯ್ಲು ಎಲ್ಲಿಗೆ ಬಂತು, ಬರೆಯಿರಿ.

ಬ್ಯಾಂಕಿನವರೆಂದು ಹೇಳಿಕೊಂಡು ಯಾರೋ ಮನೆಗೆ ಫೋನ್ ಮಾಡಿ ಪುಟ್ಟನ ಸಾಲದ ಮಾತೆತ್ತಿದರು ಅಂತ ಅಪ್ಪ ಬರೆದದ್ದು ಓದಿ ಅವನ ಹತ್ತಿರ ಮಾತಾಡಿದೆ. ನಿಮ್ಮೆದುರು ಹೇಳಲು ಅವನಿಗೆ ಬಾಯಿ ಬರುತ್ತಿಲ್ಲ, ನೀನೇ ತಿಳಿಸು ಅಕ್ಕ ಅಂದ. ವಿಷಯ ಇಷ್ಟು. ಬೆಂಗಳೂರಿಗೆ ಹೋದ ಮೇಲೆ ಕೂಡಿಟ್ಟದ್ದು, ಎಫ್‌ಡಿ ಮುರಿಸಿದ್ದು ಎಲ್ಲ ಸೇರಿ 9 ಲಕ್ಷ ಷೇರು ಮಾರುಕಟ್ಟೆಯ ಆಪ್ಷನ್ ವ್ಯವಹಾರದಲ್ಲಿ ಹೋಗಿದೆ. ಅದರ ಮೇಲೆ 3 ಲಕ್ಷ ಸಾಲ: ಕ್ರೆಡಿಟ್ ಕಾರ್ಡಿನದು 1.2 ಲಕ್ಷ, ಪರ್ಸನಲ್ ಲೋನ್ 1.8 ಲಕ್ಷ. ಅವನ ಸಾಲಗಳ ದಾಖಲೆ, ಅದೇ ಸಿಬಿಲ್ ರಿಪೋರ್ಟ್, ತೆಗೆಸಿ ನೋಡಿದ್ದೇನೆ, ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲ ಅಷ್ಟೇ ಇರುವುದು. ಸ್ನೇಹಿತರ ಕೈಸಾಲ ಮಾತ್ರ ಅದರಲ್ಲಿ ಬರುವುದಿಲ್ಲ. ಅದನ್ನು ಅಪ್ಪ ಒಮ್ಮೆ ಮೆತ್ತಗೆ ಕೇಳಿ.

ಷೇರು ತಗೊಂಡರೆ ಬೆಲೆ ಇಳಿದರೂ ಷೇರು ಕೈಯಲ್ಲಿರುತ್ತದಲ್ಲ, ಪೂರ್ತಿ ಹೇಗೆ ಹೋಯಿತು ಅಂತ ಅಪ್ಪ ಕೇಳುತ್ತೀರಿ. 'ಬರುವ ಮಂಗಳವಾರದೊಳಗೆ ನಿಮ್ಮ ಕರಿಮೆಣಸನ್ನು ಈ ದರಕ್ಕೆ ಕೊಳ್ಳುವ ಹಕ್ಕು ನನಗಿರಲಿ' ಅಂತ ವ್ಯಾಪಾರಿ ನಿಮಗೆ ಮುಂಗಡ ಕೊಟ್ಟ ಅಂತಿಟ್ಟುಕೊಳ್ಳಿ. ಅಷ್ಟರೊಳಗೆ ದರ ಏರದಿದ್ದರೆ ಅವನಿಗೆ ಮುಂಗಡವೂ ಇಲ್ಲ, ಮೆಣಸೂ ಇಲ್ಲ. ಆಪ್ಷನ್ ಕೊಳ್ಳುವುದು ಹೀಗೆಯೇ. ಆ ಮುಂಗಡಕ್ಕೆ ಪ್ರೀಮಿಯಂ ಅನ್ನುತ್ತಾರೆ. ಬಿಡಿಯಾಗಿ ಕೊಳ್ಳುವಂತಿಲ್ಲ, ಲಾಟ್ ಎಂಬ ಕಟ್ಟಿನ ಲೆಕ್ಕದಲ್ಲೇ ಕೊಳ್ಳಬೇಕು. ಪ್ರೀಮಿಯಂ ಒಂದಕ್ಕೆ 80 ರೂಪಾಯಿ, 2025ರಲ್ಲಿ ಇದ್ದಂತೆ ನಿಫ್ಟಿಯ ಒಂದು ಲಾಟಿಗೆ 75 ಅಂದರೆ 6,000. ಹತ್ತು ಲಾಟಿಗೆ 60,000. ನಿಫ್ಟಿ, ಅಂದರೆ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ, ಇದ್ದಲ್ಲೇ ನಿಂತರೂ ದಿನ ಕಳೆದಂತೆ ಆ ಪ್ರೀಮಿಯಂ ಕರಗುತ್ತದೆ, ಗಡುವಿನ ದಿನ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಸೊನ್ನೆಯಾಗುತ್ತದೆ. ಏರಿದರೂ ಸಾಲದು, ಗಡುವಿನೊಳಗೆ ಕೊಟ್ಟ ಪ್ರೀಮಿಯಂ ದಾಟುವಷ್ಟು ಏರಬೇಕು. ಗೆದ್ದರೂ ಸೋತರೂ ಬ್ರೋಕರನ ದಲ್ಲಾಳಿ, ಎಸ್‌ಟಿಟಿ ಎಂಬ ವಹಿವಾಟು ತೆರಿಗೆ, ಜಿಎಸ್‌ಟಿ ಕೊಡಲೇಬೇಕು. ಒಂದು ವಾರ ಹೋದದ್ದನ್ನು ಮರುವಾರವೇ ತುಂಬಿಸುತ್ತೇನೆ ಅಂತ ಲಾಟ್ ಹೆಚ್ಚಿಸಿದಾಗ ಎಫ್‌ಡಿಗೆ ಕೈ ಬೀಳುತ್ತದೆ. ಷೇರು ಮಾರುಕಟ್ಟೆಯ ಮೇಲ್ವಿಚಾರಣೆ ಮಾಡುವ ಸೆಬಿ 2024ರಲ್ಲಿ ಕೊಟ್ಟ ವರದಿಯ ಪ್ರಕಾರ ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್) ಮಾಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಆದ್ದರಿಂದ ಮನೆ ಹಾಳು ಮಾಡಿದ ಅಂತ ಅವನನ್ನು ಬೈಯಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಇಲ್ಲಿ ಯೂರೋಪಿನಲ್ಲಿ, ಬೆಲೆಯ ಏರಿಳಿತದ ಮೇಲೆ ಪಣ ಕಟ್ಟುವ ಸಿಎಫ್‌ಡಿ ಎಂಬ ಇಂಥದೇ ವ್ಯವಹಾರವಿದೆ. 'ನಮ್ಮಲ್ಲಿ ಶೇಕಡಾ ಇಷ್ಟು ಗಿರಾಕಿಗಳು ದುಡ್ಡು ಕಳೆದುಕೊಳ್ಳುತ್ತಾರೆ' ಅಂತ ಆ ಕಂಪನಿಗಳೇ ತಮ್ಮ ಜಾಹೀರಾತಿನಲ್ಲಿ ಹಾಕಬೇಕು, 2018ರಿಂದ ಆ ನಿಯಮ. ನಮ್ಮ ದೇಶವೇನೂ ಹಿಂದೆ ಬಿದ್ದಿಲ್ಲ, ಬ್ರೋಕರ್ ಆ್ಯಪ್ ತೆರೆದರೆ ಹತ್ತರಲ್ಲಿ ಒಂಬತ್ತು ಮಂದಿಗೆ ನಷ್ಟ ಎಂಬ ಎಚ್ಚರಿಕೆ ಅಲ್ಲೂ ಬರುತ್ತದೆ. ಅಪ್ಪ, ಇನ್ನೊಂದು ಕೇಳಿ: ಇಲ್ಲಿ ಹುರಿದ ಕಾಫಿಗೆ ಕೆಜಿಗೆ 2.19 ಯೂರೋ ಕಾಫಿ ತೆರಿಗೆಯೇ ಬೇರೆ ಇದೆ! ಬೆಳೆಯುವವರಿಗೆ ಅಷ್ಟು ಹೆಚ್ಚಿಗೆ ಸಿಕ್ಕಿದ್ದರೆ ನಮ್ಮ ಶನಿವಾರಸಂತೆ ಕಡೆಯವರ ಕಷ್ಟ ಎಷ್ಟೋ ತೀರುತ್ತಿತ್ತು.

ಈಗ ಸಾಲದ್ದು. ಮೊದಲು ಕಾರ್ಡ್ ತೀರಬೇಕು. ತಿಂಗಳಿಗೆ 3.5ರಂತೆ ವರ್ಷಕ್ಕೆ ಶೇಕಡಾ 42 ಬಡ್ಡಿ, ಅಂದರೆ 1.2 ಲಕ್ಷಕ್ಕೆ ತಿಂಗಳಿಗೆ 4,200. ಬರೀ ಮಿನಿಮಂ ಕಟ್ಟುತ್ತಾ ಹೋದರೆ ಹೊಸದಾಗಿ ಉಜ್ಜಿದ್ದಕ್ಕೂ ಅವತ್ತಿನಿಂದಲೇ ಬಡ್ಡಿ ಬೀಳುತ್ತದೆ. ಅದನ್ನು ನಾನು ಕಟ್ಟುತ್ತೇನೆ, ಅವನ ಕೈಗೆ ಕೊಡದೆ ನನ್ನ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯಿಂದ ನೇರ ಕಾರ್ಡಿಗೆ. ನೀವೂ ಅವನ ಖಾತೆಗೆ ದುಡ್ಡು ಹಾಕಬೇಡಿ. ಪರ್ಸನಲ್ ಲೋನಿನ ಕಂತು ಅವನ ಸಂಬಳದಿಂದಲೇ ಹೋಗಲಿ, ಅವನಿಗೆ ಆ ಶಕ್ತಿ ಇದೆ. ಅಮ್ಮ, ನಿನ್ನ ಎರಡೆಳೆ ಸರ ಅಡ ಇಡುವ ಯೋಚನೆ ಬಿಡು. ಅಪ್ಪ, ಮುಂಗಡದ ಆಸೆಗೆ ಪಾರ್ಚ್‌ಮೆಂಟ್ ಕಾಫಿ ಒಣಗುವ ಮೊದಲೇ ದರ ಮಾತಾಡಿಬಿಡಬೇಡಿ. ರೊಬಸ್ಟಾ ಕೊಯ್ಲಿಗೆ ಆಳುಗಳ ಸಂಬಳಕ್ಕೆ ಇಟ್ಟದ್ದನ್ನೂ ಮುಟ್ಟಬೇಡಿ.

ತೋಟದ ಚಿಂತೆ ಬೇಡ. ಅವನು ವಯಸ್ಸಿಗೆ ಬಂದವನು, ಜಾಮೀನಿಗೆ ನೀವು ಸಹಿ ಹಾಕಿಲ್ಲ, ಆ ಸಾಲ ನಿಮ್ಮ ತಲೆ ಮೇಲೆ ಬರುವುದೇ ಇಲ್ಲ. ಯಾರಾದರೂ ಮನೆಗೆ ಬಂದರೆ ಪಹಣಿ ತೋರಿಸುವುದು, ಚೆಕ್ಕಿಗೆ ಸಹಿ ಮಾಡುವುದು ಯಾವುದೂ ಬೇಡ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಯವರು ಫೋನ್ ಮಾಡುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ. ಮಾಡಿದರೆ ನಂಬರು, ಹೊತ್ತು ಬರೆದಿಡಿ. ಮೊದಲು ಬ್ಯಾಂಕಿಗೆ ಲಿಖಿತ ದೂರು, 30 ದಿನದಲ್ಲಿ ಉತ್ತರ ಬಾರದಿದ್ದರೆ ಗಿರಾಕಿಗಳ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ.

ಪುಟ್ಟ ಮಾಡಬೇಕಾದ್ದನ್ನು ಅವನಿಗೂ ಬರೆದಿದ್ದೇನೆ. ತೆರೆದಿರುವ ಪೊಸಿಷನ್, ಅಂದರೆ ಇನ್ನೂ ಮುಗಿಯದ ಆಪ್ಷನ್ ವ್ಯವಹಾರ, ಎಲ್ಲ ಮುಚ್ಚಬೇಕು. ಬ್ರೋಕರ್ ಹತ್ತಿರದ ಲೆಕ್ಕದಲ್ಲಿ ಮೈನಸ್ ಇದ್ದರೆ ಅದಕ್ಕೂ ಬಡ್ಡಿ ಓಡುತ್ತಿರುತ್ತದೆ, ಕಟ್ಟಿಬಿಡಬೇಕು. ವ್ಯವಹಾರದ ಭದ್ರತೆಗೆ (ಮಾರ್ಜಿನ್) ಅಡವಿಟ್ಟ ಷೇರು, ಮ್ಯೂಚುವಲ್ ಫಂಡ್ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಬಾಕಿಗೆ ಬ್ರೋಕರ್ ಅದನ್ನೇ ಮಾರುತ್ತಾನೆ. ಆಮೇಲೆ ಪ್ರೊಫೈಲಿಗೆ ಹೋಗಿ ಎಫ್ ಅಂಡ್ ಓ ಸೆಗ್ಮೆಂಟ್ ಆಫ್ ಮಾಡಿಸಬೇಕು. ನಷ್ಟವನ್ನು ಆದಾಯ ತೆರಿಗೆಯ ಐಟಿಆರ್-3 ಫಾರಂನಲ್ಲಿ ಗಡುವಿನೊಳಗೆ ತೋರಿಸಿದರೆ, ಮುಂದೆ ಬರುವ ವ್ಯಾಪಾರದ ಲಾಭದಲ್ಲಿ ಕಳೆಯಲು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಗಡುವು ತಪ್ಪಿದರೆ ಆ ಹಕ್ಕೂ ಹೋಗುತ್ತದೆ. ಕುಶಾಲನಗರದ ಆಡಿಟರ್ ಹತ್ತಿರ ಅಪ್ಪನೇ ಕರೆದುಕೊಂಡು ಹೋಗಿ.

ನನಗೆ ನಿಜವಾಗಿ ಭಯವಿರುವುದು ಮುಂದೆ ಬರುವವರದು. ಕಳೆದದ್ದನ್ನು ವಾಪಸ್ ಕೊಡಿಸುತ್ತೇವೆ, ಅಕೌಂಟ್ ನಾವೇ ನಡೆಸುತ್ತೇವೆ ಅಂತ ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಮೆಸೇಜು ಬರುತ್ತವೆ. ದುಡ್ಡು ಯಾವುದೋ ವ್ಯಕ್ತಿಯ ಖಾತೆಗೆ ಹಾಕು ಅಂದರೆ, ತೆಗೆಯಬೇಕಾದರೆ ಮೊದಲು ತೆರಿಗೆ ಕಟ್ಟು ಅಂದರೆ ಅದು ಮೋಸ. ಹಾಕಿದ್ದೇ ಆದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.

ಅಮ್ಮ, ಅವನು ಊಟ ನಿದ್ದೆ ಬಿಟ್ಟಿದ್ದರೆ, ಬದುಕು ಬೇಡ ಅನ್ನುವ ಮಾತಾಡಿದರೆ ಒಬ್ಬನೇ ಬಿಡಬೇಡ. 14416 ಟೆಲಿಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಗೋಡೆ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದಿಡು. ಶನಿವಾರ ಮನೆಗೆ ಬರುತ್ತಾನೆ, ಮೊದಲು ಊಟ ಹಾಕು, ಲೆಕ್ಕ ಮರುದಿನ ಕೇಳಿ.

ನನಗೆ ಇಲ್ಲಿ ಏನೂ ತೊಂದರೆ ಇಲ್ಲ, ದುಡ್ಡಿಗೆ ಯೋಚನೆ ಮಾಡಬೇಡಿ, ಖಂಡಿತ ಮಾಡಬೇಡಿ. ಅಪ್ಪ ಬಿಪಿ ಮಾತ್ರೆ ತಪ್ಪಿಸಬೇಡಿ. ಟ್ರಾಮ್ ಹೊತ್ತಾಯಿತು, ಭಾನುವಾರ ಫೋನ್ ಮಾಡುತ್ತೇನೆ. ಚಿಕ್ಕಪ್ಪನಿಗೆ ಈಗಲೇ ಏನೂ ಹೇಳಬೇಡಿ.

ಇಂತಿ ನಿಮ್ಮ ಮಗಳು