ಮುಂಗಡ ಕೊಡುವ ಮುನ್ನ

ಸಾಗರ
ಭಾನುವಾರ ರಾತ್ರಿ

ಚಿ. ಸೌ. ವಿದ್ಯಾಳಿಗೆ ಮಾವನ ಆಶೀರ್ವಾದಗಳು.

ಸಂಜೆ ಅಕ್ಕ ಫೋನ್ ಮಾಡಿದ್ದಳು. ನೀನು ಹಳೆಯ ಕಾರೊಂದನ್ನು ನೋಡಿ ಮೆಚ್ಚಿದ್ದೀಯೆಂದೂ ಆಯುಧಪೂಜೆಯ ಹೊತ್ತಿಗೆ ಅದು ಮನೆ ಬಾಗಿಲಲ್ಲಿ ನಿಲ್ಲಬೇಕೆಂಬುದು ನಿನ್ನಾಸೆಯೆಂದೂ ಹೇಳಿದಳು. ಕೇಳಿ ಮನಸ್ಸು ತುಂಬಿಬಂತು. ಐದು ವರ್ಷದಿಂದ ನೀನು ಮಳೆಯಲ್ಲೂ ಸ್ಕೂಟರ್ ಹತ್ತಿ, ಲಾರಿಗಳ ನಡುವೆ ನುಸುಳಿಕೊಂಡು ಶಿವಮೊಗ್ಗದಿಂದ ಭದ್ರಾವತಿಗೆ ಪಾಠ ಮಾಡಲು ಹೋಗುತ್ತಿರುವುದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತಿತ್ತು. ಆದರೆ ದಲ್ಲಾಳಿ ನಾಳೆಯೊಳಗೆ ಹತ್ತು ಸಾವಿರ ಮುಂಗಡ ಕೇಳಿದ್ದಾನೆ, ಕೊಡದಿದ್ದರೆ ಕಾರು ಬೇರೆಯವರ ಪಾಲಾಗುತ್ತದೆ ಎನ್ನುತ್ತಿದ್ದಾನೆ ಎಂದೂ ಅಕ್ಕ ಹೇಳಿದಳು. ಅದಕ್ಕೇ ಈ ರಾತ್ರಿಯೇ ಬರೆಯಲು ಕುಳಿತಿದ್ದೇನೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಬರೆದು ಮುಗಿಸಿ, ಹಾಳೆಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ. ರಾಘವನಿಗೂ ತೋರಿಸು.

ನಾಳೆ ಆ ಹತ್ತು ಸಾವಿರ ಕೊಡಬೇಡ. ಹಬ್ಬದ ಮುಂಚೆ ಕಾರು ಬೇಕೆನ್ನುವವರ ಆತುರ ದಲ್ಲಾಳಿಗಳಿಗೆ ಚೆನ್ನಾಗಿ ಗೊತ್ತು. ಪೂಜೆಯನ್ನು ಮುಂದಿನ ಶುಕ್ರವಾರ ಮಾಡಿದರೂ ದೇವಿ ಬೇಡವೆನ್ನುವುದಿಲ್ಲ.

ನಾನು ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತೆರಡು ವರ್ಷ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಅಲ್ಲಿ ಪ್ರತಿ ಬಸ್ಸಿಗೂ ಒಂದು ದಾಖಲೆ ಪುಸ್ತಕ ಇರುತ್ತಿತ್ತು. ಚಾಲಕ ಏನು ದೂರು ಬರೆದಿದ್ದಾನೆ, ಎಣ್ಣೆ ಯಾವಾಗ ಬದಲಾಗಿದೆ, ಬ್ರೇಕ್ ಲೈನರ್ ಎಷ್ಟು ಓಡಿದೆ, ಎಲ್ಲವೂ ಅದರಲ್ಲಿರುತ್ತಿತ್ತು. ನನಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಆ ಪುಸ್ತಕ ಓದದೆ ಸ್ಪ್ಯಾನರ್ ಮುಟ್ಟಲು ಬಿಡುತ್ತಿರಲಿಲ್ಲ. ಆ ಪಾಠವನ್ನು ನಾನು ಬಸ್ಸುಗಳ ವಿಷಯದಲ್ಲಿ ಪಾಲಿಸಿದೆ, ನನ್ನ ಸ್ವಂತ ಕಾರಿನ ವಿಷಯದಲ್ಲಿ ಪಾಲಿಸಲಿಲ್ಲ. ಉಡುಪಿಯಿಂದ ಹಿಂತಿರುಗುವಾಗ ಆಗುಂಬೆ ಘಾಟಿಯಲ್ಲಿ ಕಾರು ನಿಂತುಹೋದ ರಾತ್ರಿ ನಿನಗೆ ನೆನಪಿರಬೇಕು, ನೀನಾಗ ಪಿಯುಸಿ ಓದುತ್ತಿದ್ದೆ. ತಿರುವಿನ ನಡುವೆ ದೀಪ ಆರಿತು, ಎಂಜಿನ್ ನಿಂತಿತು, ಸುತ್ತ ಮಂಜು ಮುಸುಕಿತ್ತು. ಹಿಂದಿನಿಂದ ಬಸ್ಸು ಬಂದರೆ ನಾವು ಕಾಣಿಸುವುದಿಲ್ಲವೆಂದು ನಿನ್ನಮ್ಮ ಮೊಬೈಲ್ ಬೆಳಕು ಹಿಡಿದು ರಸ್ತೆಯಲ್ಲಿ ನಿಂತಿದ್ದಳು. ಕಾರಣವೇನೆಂದು ನಿಮಗೆ ಆಗ ನಾನು ಹೇಳಲಿಲ್ಲ, ಈಗ ಹೇಳುತ್ತೇನೆ. ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡ್ ಬಿಚ್ಚಿದಾಗ ತಂತಿಗಳ ಕಟ್ಟಿನ ನಡುವೆ ಒಣಗಿದ ಕೆಸರು ಸಿಕ್ಕಿತು. ಅದು ನೆರೆಯಲ್ಲಿ ಮುಳುಗಿ ಎದ್ದ ಕಾರು. ಕೊಳ್ಳುವಾಗ ನಾನು ಎಂಜಿನ್ನಿನ ಸದ್ದನ್ನಷ್ಟೇ ಕೇಳಿದ್ದೆ. ಅದು ಹಿಂದೆ ಎಲ್ಲಿತ್ತು, ಯಾರ ಬಳಿಯಿತ್ತು, ಯಾಕೆ ಮಾರಿದರು ಎಂದು ವಿಚಾರಿಸಿರಲಿಲ್ಲ. ಆ ರಾತ್ರಿ ಅಕ್ಕ ನಿಂತಿದ್ದ ಜಾಗ ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ.

ಆದ್ದರಿಂದ ವಿದ್ಯಾ, ಕಾರನ್ನು ನೋಡುವ ಮೊದಲು ಅದರ ಪುಸ್ತಕ ಓದು. ಬಸ್ಸಿಗಿದ್ದಂತೆ ಒಂದೇ ಪುಸ್ತಕ ಕಾರಿಗಿಲ್ಲ. ಮೂರು ನಾಲ್ಕು ಕಡೆ ಹರಿದು ಹಂಚಿಹೋಗಿರುತ್ತದೆ. ಕೂಡಿಸಿಕೊಳ್ಳಬೇಕು.

ಮೊದಲ ಪುಟ ಆರ್‌ಸಿ, ಅಂದರೆ ನೋಂದಣಿ ಪತ್ರ. ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡು. ನೋಂದಣಿಯ ದಿನಾಂಕ, ವಿಮೆ ಯಾವತ್ತಿನವರೆಗೆ ಇದೆ, ಸಾಲ ಇದೆಯೇ ಎಂಬುದೆಲ್ಲ ಕಾಣುತ್ತದೆ. ಸಾಲ ತೀರಿದೆ ಎಂದು ಮಾರುವವರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ನಿರಾಕ್ಷೇಪಣಾ ಪತ್ರವೂ ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೂಡ ಕೈಯಲ್ಲಿರಬೇಕು, ಇಲ್ಲವಾದರೆ ಹೆಸರು ವರ್ಗಾವಣೆ ಅಲ್ಲಿಗೇ ನಿಲ್ಲುತ್ತದೆ. ಮೊದಲು ಹಳದಿ ಬೋರ್ಡಿನಲ್ಲಿ ಬಾಡಿಗೆಗೆ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬದಲಾದ ಕಾರೇ ಎಂದು ನೇರವಾಗಿ ಕೇಳು. ಶಿವಮೊಗ್ಗದ ಕೆಎ-14 ನೋಂದಣಿಯ, ಊರಿನಲ್ಲೇ ಒಬ್ಬರ ಕೈಯಲ್ಲಿ ಓಡಿದ ಕಾರು ಸಿಕ್ಕರೆ ಐದು ಹತ್ತು ಸಾವಿರ ಹೆಚ್ಚಾದರೂ ಅದನ್ನೇ ಆರಿಸಿಕೋ, ಅದರ ಹಿಂದಿನ ಬದುಕನ್ನು ಹೋಗಿ ಕೇಳಲು ಸಾಧ್ಯವಿದೆ. ದೆಹಲಿಯ ಕಾರು ಅಗ್ಗಕ್ಕೆ ಬಂದಿದೆ ಎಂದು ಯಾರಾದರೂ ಹೇಳಿದರೆ ಅತ್ತ ತಿರುಗಿಯೂ ನೋಡಬೇಡ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳನ್ನೂ ಹದಿನೈದು ದಾಟಿದ ಪೆಟ್ರೋಲ್ ಕಾರುಗಳನ್ನೂ ಓಡಿಸುವುದಕ್ಕೆ ನಿರ್ಬಂಧ ಬಂದಾಗಿನಿಂದ ಅವು ದಕ್ಷಿಣಕ್ಕೆ ಹರಿದುಬರುತ್ತಿವೆ. ಇಲ್ಲಿ ಮತ್ತೆ ನೋಂದಣಿ, ಮತ್ತೆ ತೆರಿಗೆ ಎಂದು ಅಗ್ಗವೆಲ್ಲ ಕರಗಿಹೋಗುತ್ತದೆ.

ಎರಡನೆಯ ಪುಟ ವಿಮೆಯ ಪಾಲಿಸಿ. ಇದನ್ನು ಹೆಚ್ಚಿನವರು ಸಿಂಧುವಾಗಿದೆಯೇ ಎಂದಷ್ಟೇ ನೋಡಿ ಮಡಚಿಡುತ್ತಾರೆ. ನೀನು ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲನ್ನು ಹುಡುಕು. ಪರಿಹಾರ ಕೇಳದ ಮೊದಲ ವರ್ಷಕ್ಕೆ ಶೇ 20ರ ರಿಯಾಯಿತಿಯಿಂದ ಶುರುವಾಗಿ, ಸತತ ಐದು ವರ್ಷ ಕೇಳದಿದ್ದರೆ ಅದು ಶೇ 50ಕ್ಕೆ ಏರುತ್ತದೆ. ಆರು ವರ್ಷದ ಕಾರು, ಒಬ್ಬರೇ ಮಾಲೀಕರು, ಆದರೂ ಬೋನಸ್ ಸೊನ್ನೆಯಾಗಿದ್ದರೆ ಈಚೆಗೆ ಏನೋ ಆಗಿದೆ. ನವೀಕರಣ ತಡವಾಗಿ ಬೋನಸ್ ಕಳೆದುಕೊಂಡಿರಲೂಬಹುದು, ಕೇಳಿದರೆ ತಿಳಿಯುತ್ತದೆ. ಉತ್ತರ ಹೇಳುವವರ ಮುಖವನ್ನೂ ನೋಡು, ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕಣ್ಣು ನಿನ್ನದು.

ಮೂರನೆಯದು ಸರ್ವಿಸ್ ದಾಖಲೆ. ಮಾಲೀಕರು ತಮ್ಮ ನೋಂದಣಿ ಸಂಖ್ಯೆ ಹೇಳಿ ಕೇಳಿದರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಹಳೆಯ ಬಿಲ್ಲುಗಳ ವಿವರ ಸಿಗುತ್ತದೆ. ಪ್ರತಿ ಬಿಲ್ಲಿನಲ್ಲೂ ಅಂದಿನ ಕಿಲೋಮೀಟರ್ ಇರುತ್ತದೆ. ಮೂರು ವರ್ಷದ ಹಿಂದೆ 58,000 ಎಂದು ಬರೆದಿದ್ದು ಇಂದು ಮೀಟರಿನಲ್ಲಿ 41,000 ತೋರಿಸಿದರೆ ಮಾತಾಡುವುದಕ್ಕೆ ಏನೂ ಉಳಿದಿಲ್ಲ, ಎದ್ದು ಬಾ. ದಾಖಲೆಯೇ ಇಲ್ಲವೆಂದರೆ ಕ್ಲಚ್ ಪೆಡಲಿನ ರಬ್ಬರು, ಸ್ಟೀರಿಂಗಿನ ಹಿಡಿ, ಚಾಲಕನ ಸೀಟಿನ ಅಂಚು ಎಷ್ಟು ಸವೆದಿವೆ ನೋಡು. ನಲವತ್ತು ಸಾವಿರ ಓಡಿದ ಕಾರಿನಲ್ಲಿ ಪೆಡಲಿನ ಗೀಟುಗಳು ಮಾಸಿ ನುಣುಪಾಗುವುದಿಲ್ಲ.

ಈಗ ಯಾವ ಕಾರು ಎಂಬ ಮಾತು. ನಿನ್ನ ಓಡಾಟ ದಿನಕ್ಕೆ ಹೋಗಿ ಬಂದು ಸುಮಾರು ನಲವತ್ತು ಕಿಲೋಮೀಟರ್, ತಿಂಗಳಿಗೆ ಸಾವಿರ. ಇಷ್ಟಕ್ಕೆ ಡೀಸೆಲ್ ಬೇಡ. ಡೀಸೆಲಿಗೆ ಕೊಡುವ ಹೆಚ್ಚಿನ ಬೆಲೆ, ದುಬಾರಿ ರಿಪೇರಿ ಇಷ್ಟು ಓಡಾಟದಲ್ಲಿ ಹುಟ್ಟುವುದಿಲ್ಲ. ಸಣ್ಣ ಪೆಟ್ರೋಲ್ ಕಾರು ಲೀಟರಿಗೆ ಹದಿನಾರು ಹದಿನೇಳು ಕಿಲೋಮೀಟರ್ ಕೊಟ್ಟರೂ ತಿಂಗಳಿಗೆ ಅರವತ್ತು ಲೀಟರ್ ಬೇಕು, ಅಂದರೆ ಆರು ಸಾವಿರಕ್ಕೆ ಸ್ವಲ್ಪ ಮೇಲೆ. ಎಥನಾಲ್ ಬೆರೆತ ಪೆಟ್ರೋಲಿನಿಂದ ಮೈಲೇಜ್ ತುಸು ಇಳಿಯುವುದನ್ನೂ ಸೇರಿಸಿಕೋ.

ವರ್ಷದ ವಿಷಯದಲ್ಲಿ ಮಾತ್ರ ನನ್ನದು ಹಟ. 2019ರ ಜುಲೈಗಿಂತ ಹಿಂದಿನ ಕಾರು ಬೇಡ. ಆ ವರ್ಷದ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಜೋರಾಗಿ ಒತ್ತಿದರೂ ಚಕ್ರ ಬಿಗಿದುಕೊಳ್ಳದ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು, ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯವಾದದ್ದು 2022ರ ಜನವರಿಯಿಂದ. ಅದಕ್ಕೂ ಮುಂಚಿನ ಕಾರಾದರೆ ಎರಡೂ ಇವೆಯೇ ಎಂದು ನೋಡಿ ತೆಗೆದುಕೋ. ಅದೇ ಬೆಲೆಗೆ 2016ರ ದೊಡ್ಡ ಕಾರು ಸಿಗುತ್ತದೆ ಎಂದು ನಿನಗೆ ಆಸೆ ತೋರಿಸುತ್ತಾರೆ. ಮಳೆಯಲ್ಲಿ ಲಾರಿಯ ಹಿಂದೆ ಬ್ರೇಕ್ ಒತ್ತಿದಾಗ ಚಕ್ರ ಜಾರದಿರುವುದಕ್ಕಿಂತ ದೊಡ್ಡ ಐಷಾರಾಮ ನಿನ್ನ ದಾರಿಯಲ್ಲಿ ಇಲ್ಲ.

ವ್ಯಾಗನ್‌ಆರ್ ಒಳ್ಳೆಯ ಕಾರು. ಎತ್ತರದ ಸೀಟು, ಅಕ್ಕನ ಮಂಡಿನೋವಿಗೆ ಅನುಕೂಲ, ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತವೆ, ಮಾರುವಾಗಲೂ ಬೆಲೆ ಬರುತ್ತದೆ. ಆದರೆ 2019ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಅದಕ್ಕೆ ಬಂದದ್ದು ಐದರಲ್ಲಿ ಎರಡೇ ನಕ್ಷತ್ರ. ಟಾಟಾ ಟಿಯಾಗೊಗೆ 2020ರಲ್ಲಿ ದೊಡ್ಡವರ ಸುರಕ್ಷತೆಗೆ ನಾಲ್ಕು ಬಂತು. ನಿತ್ಯವೂ ಹೆದ್ದಾರಿ, ಹಿಂದಿನ ಸೀಟಿನಲ್ಲಿ ಪುಟ್ಟ ಇರುತ್ತಾನೆ. ನನ್ನನ್ನು ಕೇಳಿದರೆ 2020ರ ನಂತರದ ಟಿಯಾಗೊ ಮೊದಲು ಹುಡುಕು. ಅದರ ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲಿ ಸ್ವಲ್ಪ ನಡುಗುತ್ತದೆ, ಅದು ರೋಗವಲ್ಲ, ಅದರ ಸ್ವಭಾವ. ಊರೊಳಗೇ ಓಡಾಡುವವಳಾಗಿದ್ದರೆ ಕಣ್ಣು ಮುಚ್ಚಿ ವ್ಯಾಗನ್‌ಆರ್ ಎನ್ನುತ್ತಿದ್ದೆ.

ನಿನ್ನ ಬಳಿ ನಾಲ್ಕು ಲಕ್ಷ ಇದೆ ಎಂದಳು ಅಕ್ಕ. ಮೂರೂವರೆ ಲಕ್ಷದ ಕಾರು ನೋಡು. ಹೆಸರು ವರ್ಗಾವಣೆ, ವಿಮೆ, ಟೈರು, ಬ್ಯಾಟರಿ, ಎಣ್ಣೆಗಳು, ಬ್ರೇಕ್ ಪ್ಯಾಡ್ ಎಂದು ಮೊದಲ ಎರಡು ತಿಂಗಳಲ್ಲಿ ಉಳಿದ ಐವತ್ತು ಸಾವಿರ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಗೀಟು ಚೆನ್ನಾಗಿದ್ದರೂ ಅಷ್ಟು ಹಳೆಯ ರಬ್ಬರು ಬಿರುಸಾಗಿರುತ್ತದೆ. ನಾಲ್ಕು ಟೈರಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆ.

ಪುಸ್ತಕವೆಲ್ಲ ಸರಿಯಿದ್ದರೆ ಮಾತ್ರ ಕಾರಿನ ಬಳಿ ಹೋಗು. ಹಗಲಿನಲ್ಲಿ, ಮಳೆ ಇಲ್ಲದಾಗ, ತೊಳೆಯದ ಕಾರನ್ನು ನೋಡುವುದು ಒಳ್ಳೆಯದು. ಬಾಗಿಲಿನ ಅಂಚಿನ ರಬ್ಬರನ್ನು ಸ್ವಲ್ಪ ಎಳೆದು ಒಳಗಿನ ಬಣ್ಣ ಹೊರಗಿನದ್ದರ ಹಾಗೆಯೇ ಇದೆಯೇ ನೋಡು. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗೀರು ಇದ್ದರೆ ಅದನ್ನು ಬಿಚ್ಚಿದ್ದಾರೆ. ಬಂಪರ್ ಉಜ್ಜಿಕೊಂಡು ಟಿಂಕರಿಂಗ್ ಆದದ್ದಕ್ಕೆ ಹೆದರಬೇಕಾಗಿಲ್ಲ, ನಮ್ಮ ರಸ್ತೆಗಳಲ್ಲಿ ಗೀರು ಬೀಳದ ಕಾರೇ ಇಲ್ಲ. ಚಾಸಿಗೆ, ಅಂದರೆ ಕಾರಿನ ತಳದ ಚೌಕಟ್ಟಿಗೆ, ಬೆಸುಗೆ ಬಿದ್ದಿದ್ದರೆ ಮಾತ್ರ ಬೇಡವೇ ಬೇಡ.

ನೀರಿನ ಗುರುತು ಹುಡುಕುವುದನ್ನು ನಾನು ಪೆಟ್ಟು ತಿಂದು ಕಲಿತೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ. ಮೇಲಿನ ಭಾಗವನ್ನು ಒಗೆದಿರುತ್ತಾರೆ, ಒಳಗೆ ಸುತ್ತಿಕೊಂಡಿರುವ ಕೊನೆಯ ಗೇಣಿನಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿಗಳು ತುಕ್ಕು ಹಿಡಿದಿವೆಯೇ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಕೆಳಗೆ ಮಣ್ಣು ಕೂತಿದೆಯೇ, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ ಬರುತ್ತದೆಯೇ ನೋಡು. ಒಳಗೆಲ್ಲ ಸುಗಂಧ ಸಿಂಪಡಿಸಿದ್ದರೆ ಇನ್ನಷ್ಟು ಎಚ್ಚರವಾಗಿರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಮನೆಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೆವಲ್ಲ, ಅಂಥ ಕಾರುಗಳೂ ತೊಳೆದು ಒರೆಸಿಕೊಂಡು ಎಲ್ಲೋ ಮಾರಾಟಕ್ಕೆ ನಿಲ್ಲುತ್ತವೆ. ಕರಾವಳಿಯ ಕಾರಾದರೆ ಅಡಿಭಾಗಕ್ಕೆ ಉಪ್ಪುಗಾಳಿಯ ತುಕ್ಕು ಹಿಡಿದಿದೆಯೇ ಎಂದೂ ನೋಡಬೇಕು.

ಎಂಜಿನ್ ಪರೀಕ್ಷೆಯನ್ನು ನನಗೆ ಬಿಡು. ಒಂದೇ ಒಂದು ಕೆಲಸ ನಿನ್ನದು: ನಾನು ಬರುವ ತನಕ ಅದನ್ನು ಯಾರೂ ಚಾಲೂ ಮಾಡಬಾರದೆಂದು ಹೇಳು. ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಮೊದಲ ಬಾರಿ ಹೇಗೆ ಹೊತ್ತಿಕೊಳ್ಳುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆಯೇ ಎಂಬುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ನಾವು ತಲುಪುವಾಗಲೇ ಬಾನೆಟ್ ಬಿಸಿಯಾಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿ.

ಇನ್ನು ಹಣ ಕೊಡುವ ಹೊತ್ತು. ಇಲ್ಲಿ ನನ್ನ ಮಾತು ಕೇಳಲೇಬೇಕು. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಮಾಲೀಕರ ಸಹಿ ಬಿದ್ದು, ಅರ್ಜಿ ಆರ್‌ಟಿಒಗೆ ಸಲ್ಲಿಕೆಯಾಗುವವರೆಗೆ ಒಂದು ಭಾಗ ನಿನ್ನ ಕೈಯಲ್ಲೇ ಇರಲಿ. ಹಣವನ್ನು ಬ್ಯಾಂಕಿನ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಕಳಿಸು. ವ್ಯಾಪಾರಿಯ ಮೂಲಕ ಕೊಳ್ಳುವುದಾದರೆ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದಿದ್ದಾರೆಯೇ ಎಂದು ಕೇಳು, 2023ರ ಏಪ್ರಿಲ್‌ನಿಂದ ಆ ನಿಯಮ ಇದೆ. ಕೊಂಡವರು ಮೂವತ್ತು ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು, ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಪಾಲಿಸಿ ಹಳಬರ ಹೆಸರಿನಲ್ಲೇ ಉಳಿದರೆ ನಿನ್ನ ಕಾರಿಗಾದ ಹಾನಿಗೆ ಪರಿಹಾರ ಸಿಗುವುದಿಲ್ಲ. ಅವರ ನೋ ಕ್ಲೇಮ್ ಬೋನಸ್ ಅವರೊಂದಿಗೇ ಹೋಗುತ್ತದೆ, ಆ ವ್ಯತ್ಯಾಸದ ಹಣ ನೀನು ಕಟ್ಟಬೇಕಾಗುತ್ತದೆ. ಬಾಕಿ ಸಂಚಾರ ದಂಡಗಳನ್ನು ಅವರೇ ಕಟ್ಟಿ ರಸೀದಿ ಕೊಡಲಿ. ಎರಡೂ ಕೀಲಿ ಕೇಳಿ ಪಡೆ.

ನಿನ್ನ ಸ್ಕೂಟರ್ ಮಾರುವಾಗಲೂ ಇದೇ ಎಚ್ಚರ ಬೇಕು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಖಾಲಿ ಫಾರಂಗಳಿಗೆ ಸಹಿ ಹಾಕಿ ದಲ್ಲಾಳಿಗೆ ಕಾರು ಕೊಟ್ಟುಬಿಟ್ಟರು. ಎರಡು ವರ್ಷದ ಮೇಲೆ, ಅವರು ನೋಡಿಯೇ ಇರದ ಊರಿನ ಅಪಘಾತವೊಂದಕ್ಕೆ ಅವರ ಹೆಸರಿಗೆ ನೋಟಿಸ್ ಬಂತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ವಯಸ್ಸಿನಲ್ಲಿ ಅವರು ಕೋರ್ಟಿನ ಮೆಟ್ಟಿಲು ಹತ್ತಿಳಿಯುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನೀನು ಆ ಜಾಗದಲ್ಲಿ ನಿಲ್ಲಬಾರದು.

ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ಅಷ್ಟರೊಳಗೆ ಆ ಕಾರಿನ ಆರ್‌ಸಿ, ಪಾಲಿಸಿ, ಸರ್ವಿಸ್ ಬಿಲ್ಲುಗಳ ಫೋಟೊ ತರಿಸಿ ನನಗೆ ಕಳಿಸು. ಕಳಿಸಲು ಹಿಂದೆ ಮುಂದೆ ನೋಡಿದರೆ ನಾವು ಆ ಕಡೆ ಹೋಗುವುದೇ ಬೇಡ, ಬೇರೆ ಎರಡು ಕಾರು ಗುರುತಿಸಿಡು. ಅಕ್ಕನಿಗೆ ಕಡುಬು ಮಾಡಲು ಹೇಳು. ಪುಟ್ಟನಿಗೆ ಮುತ್ತುಗಳು.

ನಿನ್ನ ಮಾವ